ಟಿ.ಸಿ. ತರಲು ಕುವೈತಿಗೆ ಹೋಗಬೇಕಿತ್ತೇ?

ಮಾನ್ಯ ಸಂಪಾದಕರೇ,

1990ರಲ್ಲಿ ಏರ್ ಇಂಡಿಯಾ ಕುವೈತಿನಿಂದ 1 ಲಕ್ಷಕ್ಕೂ ಜಾಸ್ತಿ ಭಾರತೀಯರನ್ನು ಕರೆತಂದ ಕತೆ ಆಗಸ್ಟ್ ಬಂತೆಂದರೆ ಎಲ್ಲಾದರೂ ಕಣ್ಣಿಗೆ ಬೀಳುತ್ತದೆ. ಕತೆ ಬೊಂಬಾಯಿಯಲ್ಲಿ ವಿಮಾನ ಇಳಿಯುವಲ್ಲಿಗೆ ಮುಗಿಯುತ್ತದೆ. ಆಮೇಲೆ ಊರು ಸೇರಿದ ಮಕ್ಕಳ ಸುದ್ದಿ ಇರುವುದಿಲ್ಲ. ಅದಕ್ಕೇ ಈ ಪತ್ರ.

ಆ ವರ್ಷ ಆಗಸ್ಟ್ 2ರಂದು ಇರಾಕಿ ಸೈನ್ಯ ಕುವೈತಿಗೆ ನುಗ್ಗಿದಾಗ ನನಗೆ ಒಂಬತ್ತು ವರ್ಷ. ಸಾಲ್ಮಿಯಾದಲ್ಲಿ ನಮ್ಮ ಫ್ಲಾಟ್. ಅಪ್ಪ ನಸುಕಿಗೇ ಕುಬ್ಬೂಸ್ ರೊಟ್ಟಿಗಾಗಿ ಸಾಲು ನಿಲ್ಲುತ್ತಿದ್ದರು. ಅಮ್ಮ ಕರಿಮಣಿ ಸರವನ್ನು ಲಂಗದ ಅಂಚಿನೊಳಗೆ ಇಟ್ಟು ಹೊಲಿದರು. ತಿಂಗಳ ಕೊನೆಗೆ ಕುವೈತ್ ಇರಾಕಿನ 19ನೇ ಪ್ರಾಂತ್ಯ ಅಂತ ಘೋಷಣೆಯಾಯಿತು. ಸೆಪ್ಟೆಂಬರಿನಲ್ಲಿ ನಾವು ಬಸ್ಸು ಹತ್ತಿದೆವು. ಚೆಕ್‌ಪೋಸ್ಟಿನಲ್ಲಿ ಒಬ್ಬ ಸೈನಿಕ ನನ್ನ ಕಂಪಾಸ್ ಬಾಕ್ಸ್ ತೆರೆದು, ಒಂದು ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡ. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಜೋರ್ಡಾನ್ ಗಡಿಯ ಮರಳಿನಲ್ಲಿ ಆರು ರಾತ್ರಿ ಡೇರೆವಾಸ. ನೀರಿನ ಲಾರಿ ಬಂದರೆ ದೊಡ್ಡವರು ಓಡುತ್ತಿದ್ದರು, ನಾನು ಚೀಲಗಳ ಮೇಲೆ ಕೂತು ಕಾಯುತ್ತಿದ್ದೆ. ಅಲ್ಲಿಯ ರಾಜಧಾನಿ ಅಮ್ಮಾನಿನಿಂದ ವಿಮಾನ. ಬೊಂಬಾಯಿಯಿಂದ ಮಂಗಳೂರಿಗೆ ಬಸ್ಸು, ಕೊಂಕಣ ರೈಲು ಆಗ ಎಲ್ಲಿತ್ತು?

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮೂರು ಕುಂಬಳೆಗೆ ಬಂದ ಮರುವಾರ ಅಜ್ಜ ನನ್ನನ್ನು ಹತ್ತಿರದ ಶಾಲೆಗೆ ಕರೆದುಕೊಂಡು ಹೋದರು. "ಟಿ.ಸಿ. ಎಲ್ಲಿ?" ಅಂದರು ಶಾಲೆಯವರು. ಟಿ.ಸಿ. ಬೀಗ ಬಿದ್ದ ಕುವೈತಿನ ಶಾಲೆಯಲ್ಲಿತ್ತು. "ತರಿಸಿ, ನೋಡುವ." ಅಜ್ಜನಿಗೆ ಸಿಟ್ಟು ಬಂತು. "ಯಾರ ಹತ್ರ ತರಿಸುವುದು? ಸದ್ದಾಂ ಹುಸೇನನ ಹತ್ರವಾ?"

ಎರಡು ತಿಂಗಳು ಮನೆಯಲ್ಲೇ ಕೂತೆ. ಕೊನೆಗೆ ಬೇರೆ ಶಾಲೆಯ ಟೀಚರೊಬ್ಬರು, "ಸುಮ್ನೆ ಬಂದು ಕೂತ್ಕೊಳ್ಳಲಿ, ಕಾಗದ ಆಮೇಲೆ ನೋಡುವ" ಅಂದರು. ನಾನು ಕನ್ನಡ ಅಕ್ಷರ ತಿದ್ದಿದ್ದು ಅಲ್ಲೇ, ಒಂದನೇ ಕ್ಲಾಸಿನ ಮಕ್ಕಳ ಪಕ್ಕ ಕೂತು.

ಜನವರಿಯಲ್ಲಿ ಕುಂಬಳೆ ಬೆಡಿ, ಅಂದರೆ ಜಾತ್ರೆಯ ಸುಡುಮದ್ದು. ಅದೇ ದಿನಗಳಲ್ಲಿ ಇರಾಕಿನ ಮೇಲೆ ಬಾಂಬ್ ದಾಳಿಯೂ ಶುರುವಾಗಿತ್ತು. ಮೊದಲ ಕದಿನ ಸಿಡಿದದ್ದೇ ತಡ, ನಾನು ಅಜ್ಜಿಯ ಮಂಚದಡಿ. ಬೆಳಗಾಗುವವರೆಗೆ ಹೊರಗೆ ಬರಲಿಲ್ಲ. ನೆಂಟರೆಲ್ಲ ನಕ್ಕರು. ಅಪ್ಪ ನಗಲಿಲ್ಲ. ಅವರೂ ಬೆಡಿ ನೋಡಲು ಹೋಗಿರಲಿಲ್ಲ.

ಈಗ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಟಿ.ಸಿ. ತಡವಾಯಿತು ಅಂತ ಎಂಟನೇ ಕ್ಲಾಸಿನವರೆಗಿನ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಆದರೂ ಗಲ್ಫಿನಿಂದ ಅವಸರದಲ್ಲಿ ಬಂದ ನೆರೆಮನೆಯ ಹುಡುಗನನ್ನು ಇದೇ ಕಾಗದಕ್ಕಾಗಿ ಮೂರು ಸಲ ತಿರುಗಿಸಿದ್ದಾರೆ. ಆ ನಿಯಮವನ್ನು ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ನಮ್ಮ ಕನ್ನಡ ಶಾಲೆಗಳ ಆಫೀಸಿನ ಗೋಡೆಗೆ ಅಂಟಿಸಬಾರದೇ? ಮಲಯಾಳದ ಸುತ್ತೋಲೆ ಬಂದರೆ ಅದು ನೇರ ಫೈಲಿಗೆ ಹೋಗುತ್ತದೆ, ನಿಮಗೂ ಗೊತ್ತಲ್ವಾ. ಹುಡುಗ ಈಗಲೂ ಹತ್ತು ಗಂಟೆಗೆ ನಮ್ಮ ಜಗಲಿಯಲ್ಲಿ ಕೂತಿರುತ್ತಾನೆ.

– ಓದುಗಿ, ಕುಂಬಳೆ