ಥೀಸಿಸ್‌ಗೆ ಸ್ಪೈರೋಮೆಟ್ರಿ ಡೇಟಾ ತೆಗೆಯುವವರ ಗಮನಕ್ಕೆ

ಪಲ್ಮನರಿ ಮೆಡಿಸಿನ್ ಪಿಜಿ ಮಿತ್ರರೇ, ಸ್ಪೈರೋಮೆಟ್ರಿಗೆ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಎಟಿಎಸ್/ಇಆರ್‌ಎಸ್ (ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು) 2019ರ ಮಾನದಂಡವನ್ನೇ ಹಿಡಿಯಿರಿ.

ಪ್ರತಿದಿನ ಶುರುವಿಗೆ ಮುಂಚೆ ಯಂತ್ರ ಸರಿಯಿದೆಯೇ ಎಂದು 3 ಲೀಟರ್ ಸಿರಿಂಜನ್ನು ನಿಧಾನ, ಮಧ್ಯಮ, ಜೋರು ಮೂರೂ ವೇಗದಲ್ಲಿ ತಳ್ಳಿ ನೋಡಿ, ವ್ಯತ್ಯಾಸ ಶೇ. 3 ಮೀರಬಾರದು. ಎತ್ತರವನ್ನು ಚಪ್ಪಲಿ ಬಿಚ್ಚಿಸಿ ನೀವೇ ಅಳೆಯಿರಿ. ಹಳೇ ಒಪಿಡಿ ಚೀಟಿಯಲ್ಲಿರುವ ಎತ್ತರ ದಯವಿಟ್ಟು ಬೇಡ.

ಶ್ವಾಸನಾಳ ಹಿಗ್ಗಿಸುವ ಔಷಧಿಗಳಲ್ಲಿ ಸಾಲ್ಬುಟಮಾಲ್ ಅನ್ನು ಪರೀಕ್ಷೆಗೆ 4–6 ಗಂಟೆ, ಫಾರ್ಮೋಟೆರಾಲ್ 24 ಗಂಟೆ, ಟಿಯೋಟ್ರೋಪಿಯಂ 36–48 ಗಂಟೆ ಮೊದಲೇ ನಿಲ್ಲಿಸಿರಬೇಕು. ಇಲ್ಲದಿದ್ದರೆ ಪರೀಕ್ಷೆಯಲ್ಲಿ ಕೊಡುವ ಔಷಧಿಯ ಪರಿಣಾಮ ಕಮ್ಮಿ ಕಾಣುತ್ತದೆ.

ಹೆಚ್ಚು ಕೈಕೊಡುವುದು ಊದಿಸುವ ಹಂತ. ರೋಗಿ ಬೇಗ ನಿಲ್ಲಿಸಿದರೆ ಎಫ್‌ವಿಸಿ (ಜೋರಾಗಿ ಪೂರ್ತಿ ಊದಿದ ಗಾಳಿ) ಕುಸಿದು, ಎಫ್‌ಇವಿ1 (ಅದರಲ್ಲಿ ಮೊದಲ ಸೆಕೆಂಡಿನ ಗಾಳಿ) ಮತ್ತು ಎಫ್‌ವಿಸಿಯ ಅನುಪಾತ ಸುಳ್ಳೇ ಏರುತ್ತದೆ, ಶ್ವಾಸನಾಳದ ಅಡಚಣೆ ಇದ್ದರೂ ತಪ್ಪಿಹೋಗುತ್ತದೆ. ಹಾಗಾಗಿ ಗ್ರಾಫ್ ಸಮತಟ್ಟಾಗುವವರೆಗೆ, ಅಂದರೆ ಕೊನೆಯ 1 ಸೆಕೆಂಡಿನಲ್ಲಿ 25 ಮಿ.ಲೀ.ಗಿಂತ ಹೆಚ್ಚು ಬಾರದಿರುವವರೆಗೆ, ಅಥವಾ 15 ಸೆಕೆಂಡು, "ಊದಿ, ಊದಿ" ಎನ್ನುತ್ತಲೇ ಇರಿ. ಮೊದಲ ಸೆಕೆಂಡಿನಲ್ಲಿ ಕೆಮ್ಮಿದರೆ ಆ ಎಫ್‌ಇವಿ1 ಬಿಟ್ಟುಬಿಡಿ. ಮೂರು ಒಳ್ಳೆಯ ಪ್ರಯತ್ನ ಬೇಕು. ಎಫ್‌ಇವಿ1, ಎಫ್‌ವಿಸಿ ಎರಡರಲ್ಲೂ ಅತಿ ಹೆಚ್ಚಿನ ಎರಡು ಅಳತೆಗಳ ಅಂತರ 150 ಮಿ.ಲೀ. ಒಳಗೆ. ವಯಸ್ಕರಲ್ಲಿ ಎಂಟಕ್ಕೇ ನಿಲ್ಲಿಸಿ, ರೋಗಿ ಸುಸ್ತಾಗುತ್ತಾರೆ.

ಆಮೇಲೆ ಸ್ಪೇಸರ್‌ನಲ್ಲಿ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಸಾಲ್ಬುಟಮಾಲ್ 100 ಮೈಕ್ರೋಗ್ರಾಂನ 4 ಪಫ್, ಒಂದೊಂದಾಗಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ.

ಔಷಧಿಗೆ ಸ್ಪಂದನೆ ಸಕಾರಾತ್ಮಕ ಎನ್ನಲು ಹಳೆಯ ಮಾನದಂಡವೋ (ಶೇ. 12 ಮತ್ತು 200 ಮಿ.ಲೀ. ಏರಿಕೆ), 2022ರದ್ದೋ (ಪ್ರೆಡಿಕ್ಟೆಡ್, ಅಂದರೆ ಆ ವಯಸ್ಸು-ಎತ್ತರಕ್ಕೆ ನಿರೀಕ್ಷಿತ ಮೌಲ್ಯದ ಶೇ. 10ಕ್ಕಿಂತ ಹೆಚ್ಚು ಏರಿಕೆ)? ಪ್ರೋಟೋಕಾಲ್‌ನಲ್ಲೇ ಬರೆದುಬಿಡಿ, ನಡುವೆ ಬದಲಿಸಬೇಡಿ. ಎಥಿಕ್ಸ್ ಕಮಿಟಿ ಒಪ್ಪಿಗೆ ಬರುವ ಮುನ್ನ ಒಬ್ಬರನ್ನೂ ಸೇರಿಸುವಂತಿಲ್ಲ; ಔಷಧ ಪ್ರಯೋಗವಾದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲಾತಿ) ನೋಂದಣಿಯೂ ಮೊದಲ ರೋಗಿಯನ್ನು ಸೇರಿಸುವ ಮೊದಲೇ ಆಗಿರಬೇಕು.