ಬಟಾಣಿ ಬಾಟಲಿಯ ಭಯ

ಡೊಂಬಿವಲಿ

ಪುಟ್ಟಿ,

ನಿನ್ನ ಪತ್ರ ಮೊನ್ನೆ ಬಂತು. ಗಂಡನ ಕೆಲಸದ ವಿಷಯ ನಿನ್ನ ಅಪ್ಪ ಹೇಳಿದ್ದಾನೆ, ಅದನ್ನು ಮತ್ತೆ ಕೆದಕಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ನಾಲ್ಕು ಕಾಸು ಉಳಿಸೋಕೆ ಹೋಗಿ ಕೈಯಾರೆ ಮಗೂಗೆ ಏನಾದರೂ ಮಾಡಿಬಿಡ್ತೀನೇನೋ ಅತ್ತೆ" ಅಂತ. ಅದನ್ನು ಓದಿದ ಮೇಲೆ ಕೈಕಾಲೇ ಆಡಲಿಲ್ಲ. ರಾತ್ರಿಯೆಲ್ಲ ಅದೇ ಸಾಲು ತಲೆಯಲ್ಲಿ.

ಮೊದಲು ಆ ಬಟಾಣಿ ಬಾಟಲಿಗಳ ಮಾತು. ಹಿತ್ತಲಲ್ಲಿ ನೀನೇ ಬೆಳೆದದ್ದು, ಕೂತು ಸುಲಿದದ್ದು, ಎಸೆಯೋಕೆ ಹೊಟ್ಟೆ ಉರಿಯುತ್ತೆ. ಆದರೂ ಎಸೆದುಬಿಡು. ಉಪ್ಪುನೀರಲ್ಲಿ ಕುದಿಸಿ, ಮುಚ್ಚಳ ಬಿಗಿದು ಕಪಾಟಿನಲ್ಲಿ ಇಟ್ಟಿದ್ದೀಯಲ್ಲ, ಅದರ ಮಟ್ಟಿಗೆ ನಿನ್ನ ಭಯ ಸರಿಯಾದದ್ದೇ. ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿದ್ದಾಳೆ, ಅವಳನ್ನು ಕೂರಿಸಿಕೊಂಡು ಕೇಳಿದೆ. ನೀನು ಓದಿದ ಬೊಟುಲಿಸಂ, ಅಂದರೆ ಒಂದು ಕ್ರಿಮಿ ಆಹಾರದಲ್ಲಿ ಬಿಡುವ ವಿಷದಿಂದ ಜೀವಕ್ಕೇ ಕುತ್ತು ತರುವ ಕಾಯಿಲೆ, ಸುಳ್ಳಲ್ಲ. ಆ ಕ್ರಿಮಿಯ ಬೀಜಾಣುಗಳು ಮಣ್ಣಿನಲ್ಲೇ ಇರುತ್ತವೆ. ನೀರು ಕುದಿಯುವ 100 ಡಿಗ್ರಿಗೆ ಸಾಯಲ್ಲ. ಗಾಳಿಯಾಡದ, ಹುಳಿಯಿಲ್ಲದ, ಒದ್ದೆ ಜಾಗ ಸಿಕ್ಕರೆ ಎದ್ದು ವಿಷ ಬಿಡುತ್ತವೆ. ವಾಸನೆ ಬರಲೇಬೇಕು ಅಂತಿಲ್ಲ, ಬಣ್ಣ ಕೆಡಲೇಬೇಕು ಅಂತಿಲ್ಲ. ಕಾರ್ಖಾನೆಯಲ್ಲಿ ಡಬ್ಬಿ ಮುಚ್ಚಿದ ಮೇಲೆ ಒತ್ತಡದ ಹಬೆಯಲ್ಲಿ 121 ಡಿಗ್ರಿಯಷ್ಟು ಕಾಯಿಸುತ್ತಾರಂತೆ. ನಮ್ಮ ಕುಕ್ಕರಿನ ಸೀಟಿ ಎಣಿಸಿ ಆ ಕೆಲಸ ನಂಬೋಕಾಗಲ್ಲ.

ಒಂದೂ ತೆರೆದಿಲ್ಲ ಅಂದಿದ್ದೀಯ, ಅದೇ ನನ್ನ ಪುಣ್ಯ. ರುಚಿ ನೋಡೋಕೂ ತೆರೆಯಬೇಡ. ಹಾಗೇ ಎರಡು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕು. ಬೀದಿ ನಾಯಿಗೂ ಬೇಡ, ಹಸುವಿಗೂ ಬೇಡ.

ಇಷ್ಟು ಬರೆದ ಮೇಲೆ ನನಗೇ ದಿಗಿಲು. ಇದನ್ನೋದಿ ನೀನು ಮನೆಯಲ್ಲಿರೋ ಬರಣಿಗಳನ್ನೆಲ್ಲ ಬರಿದು ಮಾಡಿಬಿಟ್ಟರೆ? ಹಾಗೆ ಮಾಡಬೇಡ ಪುಟ್ಟಿ. ನಿನ್ನ ಅಜ್ಜಿ ಇಡುತ್ತಿದ್ದದ್ದನ್ನು ಒಂದೊಂದಾಗಿ ನೆನೆಸಿಕೋ. ರಂಜಕಕ್ಕೆ ಕಲ್ಲುಪ್ಪು, ಮೇಲೆ ಲಿಂಬೆರಸ. ಸೆಂಡಿಗೆ, ಬಾಳಕ ಎಲ್ಲ ಬಿಸಿಲಲ್ಲಿ ಒಣಗಿದ್ದು. ಹುಳಿ ಚೆನ್ನಾಗಿದ್ದರೆ, ಅಂದರೆ ಹುಳಿ ಅಳೆಯುವ ಪಿಎಚ್ (ಹುಳಿ ಜಾಸ್ತಿಯಾದಷ್ಟೂ ಈ ಅಂಕಿ ಕಡಿಮೆ) 4.6ಕ್ಕಿಂತ ಕೆಳಗಿದ್ದರೆ, ಆ ಕ್ರಿಮಿ ಬೆಳೆಯಲ್ಲ. ಒಣಗಿದ್ದರಲ್ಲಿ ಅದಕ್ಕೆ ಬೇಕಾದ ನೀರೇ ಇರಲ್ಲ. ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ. ಆ ಒಂದು ಬಗೆಯ ಬಾಟಲಿಯಲ್ಲಿದೆ, ಅಷ್ಟೇ.

ಆ ಸಾಲು ನನ್ನನ್ನು ಯಾಕೆ ಇಷ್ಟು ಕಲಕಿತು ಗೊತ್ತಾ? 1982ರ ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಜನವರಿ 18ಕ್ಕೆ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ನಿನ್ನ ಮಾಮ ಮಗ್ಗದ ಖಾತೆಯಲ್ಲಿದ್ದರು. ಸ್ವಲ್ಪ ದಿನದಲ್ಲಿ ಮುಗಿಯುತ್ತೆ ಅಂದುಕೊಂಡೆವು. ವರ್ಷ ದಾಟಿತು. ಗಿರಣಗಾಂವದಲ್ಲಿ, ಅಂದರೆ ಆ ಗಿರಣಿಗಳಿದ್ದ ಭಾಗದಲ್ಲಿ, ಎಷ್ಟೋ ಜನರಿಗೆ ಆ ಕೆಲಸ ಮತ್ತೆ ಸಿಗಲೇ ಇಲ್ಲ. ಊರಿನಿಂದ ಜೋಳ, ಗುರೆಳ್ಳು ಬರುತ್ತಿತ್ತು. ಮಾರ್ಕೆಟ್ಟಿನಲ್ಲಿ ಬಿಟ್ಟುಹೋದ ಹೂಕೋಸಿನ ದಂಟು, ಮೂಲಂಗಿ ಸೊಪ್ಪು ಆರಿಸಿ ತರುತ್ತಿದ್ದೆ. ದಂಟಿನ ನಾರು ತೆಗೆದು ಬೇಳೆಗೆ ಹಾಕಿದರೆ ಊಟ ಆಗುತ್ತಿತ್ತು.

ರಾತ್ರಿ ಮಗನ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಸ್ವಲ್ಪ ಬಿಸಿ ಅನ್ನಿಸಿದರೆ ಸಾಕು, ಇವತ್ತು ಏನು ತಿನ್ನಿಸಿದೆ, ಆ ಸೊಪ್ಪು ಸರಿಯಾಗಿ ತೊಳೆದೆನಾ, ನಿನ್ನೆಯ ಬೇಳೆ ಕುದಿಸಿದೆನಾ ಅಂತ ಬೆಳಗಿನತನಕ ಲೆಕ್ಕ. ನೀನು ಬರೆದ ಮಾತು ಅದೇ. ನಾನು ಅದನ್ನು ಯಾರಿಗೂ ಬರೆಯಲಿಲ್ಲ. ಅವ್ವನಿಗೆ ಓದು ಬರುತ್ತಿರಲಿಲ್ಲ, ನನ್ನ ಪತ್ರ ಓದಿ ಹೇಳುತ್ತಿದ್ದವನು ನಿನ್ನ ಅಪ್ಪ, ಆಗ ಇನ್ನೂ ಶಾಲೆಯ ಹುಡುಗ. ಅವನ ಬಾಯಲ್ಲಿ ಅದನ್ನು ಹೇಗೆ ಹೇಳಿಸಲಿ? ಪ್ರತಿ ಸಲ "ನಾವೆಲ್ಲ ಆರಾಮ" ಅಂತ ಬರೆದೆ. ಅವ್ವ ಹೋಗುವತನಕವೂ ಹೇಳಲಿಲ್ಲ. ಒಂದು ಸಲ ಹೇಳಿದ್ದರೆ ಏನಾದರೂ ಅನ್ನುತ್ತಿದ್ದಳು, ಬೈದಿದ್ದರೂ ಆಗುತ್ತಿತ್ತು. ಆ ಕೊರಗು ಈಗಲೂ ಇದೆ. ನೀನು ಬರೆದೆಯಲ್ಲ, ಅಷ್ಟರಮಟ್ಟಿಗೆ ನನಗೆ ಸಮಾಧಾನ.

ಇನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಿನಗೆ ಗೊತ್ತಿರೋದೇ ಆಗಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಗಿಡದಲ್ಲಿ ಉಳಿದಿರೋ ಬಟಾಣಿಯನ್ನು ಕುದಿಯುವ ನೀರಿಗೆ ಹಾಕಿ, ಒಂದೂವರೆ ನಿಮಿಷಕ್ಕೆ ತೆಗೆದು, ತಣ್ಣೀರಿಗೆ ಹಾಕಿ, ನೀರು ಬಸಿದು ಫ್ರೀಜರಿನಲ್ಲಿಡು. ಜಾಗ ಇಲ್ಲದಿದ್ದರೆ ಈಗಲೇ ತಿಂದು ಮುಗಿಸಿ, ಅದೇನು ತಪ್ಪಲ್ಲ. ಟೊಮೆಟೊ ಹುಳಿ ಅಂತ ನಂಬಬೇಡ, ಅದು ಆ 4.6ರ ಆಚೆ ಈಚೆ ಓಲಾಡುತ್ತೆ. ಬೇಯಿಸಿದ ರಸವೂ ಫ್ರೀಜರಿಗೇ. ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಹಾಕಿ ಹೊರಗಿಡೋದು ಬೇಡವೇ ಬೇಡ.

ಶೇಂಗಾಕ್ಕೆ ಬೂಷ್ಟು ಬಂದರೆ ತೊಳೆದು ಹುರಿದು ಚಟ್ನಿ ಮಾಡಬೇಡ. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗಲ್ಲ. ಅಲ್ಲಿ ಜಿಪುಣತನ ಬೇಡ.

ಪುಣೆಯ ಚಳಿಗಾಲದ ಒಣಗಾಳಿ ನಿನಗಿದೆ. ಇಲ್ಲಿ ನಮಗೆ ಜಾಸ್ತಿ ತೇವ. ಬಾಳಕ ಮಾಡು. ಮೆಣಸಿನಕಾಯಿ ಸೀಳಿ ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸು, ಹಗಲು ಬಿಸಿಲಿಗೆ ಹರಡು, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕು. ಮಜ್ಜಿಗೆಯೆಲ್ಲ ಹೀರಿಕೊಂಡ ಮೇಲೆ ಬರೀ ಬಿಸಿಲು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸು, ಬೀಜ ಗಲಗಲ ಅನ್ನಬೇಕು. ಬಗ್ಗಿಸಿದರೆ ಟಪ್ ಅಂತ ಮುರಿಯಬೇಕು. ಮೆತ್ತಗೆ ಬಾಗಿದರೆ ಡಬ್ಬಿಗೆ ಹಾಕಬೇಡ, ಇನ್ನೊಂದು ದಿನ ಒಣಗಿಸು.

ತಟ್ಟೆಗೆ ಬಡಿಸುವಾಗ ಕೈ ನಡುಗುತ್ತೆ ಅಂದಿದ್ದೀಯ. ಸ್ವಲ್ಪ ದಿನ ಹಾಗೇ ಆಗುತ್ತೆ, ನನಗೂ ಒಂದೇ ಸಲಕ್ಕೆ ಹೋಗಲಿಲ್ಲ. ಮಗುವಿಗೆ ಬಡಿಸಿ ನೋಡುತ್ತಾ ನಿಲ್ಲಬೇಡ, ನೀನೂ ಜೊತೆಗೆ ಕೂತು ಉಣ್ಣು. ಭೋಗಿಗೆ ನಾನೇ ಬರುತ್ತೇನೆ, ಸಜ್ಜೆ ರೊಟ್ಟಿಯ ಹಿಟ್ಟು ತರುತ್ತೇನೆ. ಗಜ್ಜರಿ, ಅವರೆ ನಿನ್ನ ಹಿತ್ತಲಲ್ಲೇ ಇದೆಯಲ್ಲ.

ಬಾಟಲಿ ಎಸೆದ ಕೂಡಲೇ ಫೋನು ಮಾಡು. ಎಷ್ಟು ಹೊತ್ತಾಗಿದ್ದರೂ ಸರಿ, ನಾನು ಎದ್ದೇ ಇರುತ್ತೇನೆ.

ನಿನ್ನ ಸೋದರತ್ತೆ