ಡ್ಯಾನ್ಯೂಬ್ ದಡದ ಆ ಪಾದರಕ್ಷೆಗಳಿಗೆ ಹತ್ತು ನಿಮಿಷ ಸಾಲದು

ಮಾನ್ಯ ಸಂಪಾದಕರೇ,

ಡ್ಯಾನ್ಯೂಬ್ ನದಿಯಲ್ಲಿ ಹಡಗು ಪ್ರವಾಸ ಮುಗಿಸಿ ಈಚೆಗೆ ಮರಳಿದ ನಾನು, ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆಂದು ಮೀಸಲಾಗಿದ್ದ ಒಂದು ದಿನ ಹೇಗೆ ಕಳೆಯಿತೆಂಬುದನ್ನು ತಿಳಿಸಿ, ಇಂಥ ಪ್ರವಾಸ ಏರ್ಪಡಿಸುವವರಲ್ಲಿ ಒಂದು ಕೋರಿಕೆ ಸಲ್ಲಿಸಲು ಈ ಪತ್ರ ಬರೆಯುತ್ತಿದ್ದೇನೆ.

ನದಿಯ ಪಶ್ಚಿಮಕ್ಕೆ ಗುಡ್ಡಗಳ ಬುಡಾ, ಪೂರ್ವಕ್ಕೆ ಬಯಲಿನ ಪೆಸ್ಟ್. ಇವೆರಡೂ ಓಬುಡಾ ಎಂಬ ನೆರೆಯೂರಿನೊಂದಿಗೆ ಸೇರಿ ಒಂದೇ ನಗರವಾದದ್ದು 1873ರಲ್ಲಿ. ನಮ್ಮ ಹಡಗು ನಿಂತದ್ದು ಪೆಸ್ಟ್ ದಡದಲ್ಲಿ, ನಗರದ ನಡುಮಧ್ಯದಲ್ಲಿಯೇ. ಮೆಟ್ಟಿಲು ಹತ್ತಿದರೆ ದಡದುದ್ದಕ್ಕೂ ಓಡುವ 2ನೇ ನಂಬರಿನ ಟ್ರಾಮ್ ಸಿಗುತ್ತದೆ. 1849ರಲ್ಲಿ ಸಂಚಾರಕ್ಕೆ ತೆರೆದ ಸರಪಳಿ ಸೇತುವೆಗೆ ನಡೆದೇ ಹೋಗಬಹುದು. ಆದರೂ ಬೆಳಿಗ್ಗೆ ಒಂಬತ್ತಕ್ಕೆ ನಮ್ಮನ್ನು ಬಸ್ಸಿಗೆ ಹತ್ತಿಸಲಾಯಿತು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರವತ್ತು ದಾಟಿದವರು. ಬುಡಾ ಗುಡ್ಡದ ಮೇಲಿನ ಮಥಿಯಾಸ್ ಚರ್ಚು, ಅದರ ಮಗ್ಗುಲಿನ ಮೀನುಗಾರರ ಕೊತ್ತಲ ನೋಡಲು ಬಸ್ಸು ಬೇಕೇ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಗುಡ್ಡ ಇಳಿದ ಮೇಲಿನ ಹೊತ್ತಿನ ಬಗ್ಗೆ. ಸ್ಮರಣಿಕೆಗಳ ಅಂಗಡಿಯೊಂದರಲ್ಲಿ ಪೂರ್ತಿ ಒಂದು ಗಂಟೆ ಕಳೆದ ನಂತರ ಸಂಸತ್ ಭವನದ ಬಳಿ ಬಸ್ಸು ನಿಂತಿತು. ‘ಕೆಳಗೆ ನದಿಯಂಚಿನಲ್ಲಿ ಕಬ್ಬಿಣದ ಪಾದರಕ್ಷೆಗಳಿವೆ, ಬೇಕಿದ್ದವರು ಹತ್ತು ನಿಮಿಷದಲ್ಲಿ ನೋಡಿ ಬನ್ನಿ’ ಎಂದು ಮಾರ್ಗದರ್ಶಿ ಹೇಳಿದರು. ಹತ್ತು ನಿಮಿಷದಲ್ಲಿ ಇಳಿದು ಹತ್ತಿ ಬರಲಾರದ ಹಿರಿಯರು ಬಸ್ಸಿನಲ್ಲಿಯೇ ಕುಳಿತರು. ಆ ಪಾದರಕ್ಷೆಗಳ ಕಥೆಯನ್ನು ಯಾರಿಗೂ ಹೇಳಿರಲಿಲ್ಲ.

1944ರ ಅಕ್ಟೋಬರಿನಲ್ಲಿ ಹಂಗೇರಿಯ ಆಡಳಿತ ನಾಜಿಗಳ ಬೆಂಬಲದಿಂದ ಆ್ಯರೋ ಕ್ರಾಸ್ ಪಕ್ಷದ ವಶವಾಯಿತು. ಆ ಚಳಿಗಾಲದಲ್ಲಿ ಅದರ ಸಶಸ್ತ್ರ ಪಡೆಯವರು ಯಹೂದಿಗಳನ್ನು ನದಿಯಂಚಿಗೆ ತಂದು ಸಾಲಾಗಿ ನಿಲ್ಲಿಸಿ ಗುಂಡಿಕ್ಕುತ್ತಿದ್ದರು. ಹೆಣಗಳು ನೇರವಾಗಿ ನೀರಿಗೆ ಬೀಳುತ್ತಿದ್ದವು. ಯುದ್ಧಕಾಲದಲ್ಲಿ ಪಾದರಕ್ಷೆ ಬೆಲೆಬಾಳುವ ವಸ್ತುವಾಗಿದ್ದರಿಂದ ಅದನ್ನು ಮೊದಲೇ ಬಿಚ್ಚಿಸುತ್ತಿದ್ದರು. 2005ರಲ್ಲಿ ಚಲನಚಿತ್ರ ನಿರ್ದೇಶಕ ಜಾನ್ ತೊಗೈ ಅವರ ಕಲ್ಪನೆಯಂತೆ ಶಿಲ್ಪಿ ಗ್ಯೂಲಾ ಪೌಯರ್ ಅವರು, ಆ ಕಾಲದ ಮಾದರಿಯಲ್ಲಿಯೇ ಅರವತ್ತು ಜೊತೆ ಪಾದರಕ್ಷೆಗಳನ್ನು ಕಬ್ಬಿಣದಲ್ಲಿ ಮಾಡಿ ದಡದ ಕಲ್ಲಿಗೆ ಬೆಸೆದರು.

ಮಧ್ಯಾಹ್ನ ಊಟದ ನಂತರ ನಾನೂ ನನ್ನ ಪತ್ನಿಯೂ ಟ್ರಾಮ್ ಹಿಡಿದು ಮತ್ತೆ ಅಲ್ಲಿಗೆ ಹೋದೆವು. ಗಂಡಸರ ಬೂಟುಗಳು, ಹಿಮ್ಮಡಿ ಎತ್ತರದ ಹೆಂಗಸರ ಚಪ್ಪಲಿಗಳು. ಕೆಲವು ನೆಟ್ಟಗೆ ನಿಂತಿವೆ, ಕೆಲವು ಅವಸರದಲ್ಲಿ ಬಿಚ್ಚಿದಂತೆ ಅಡ್ಡ ಬಿದ್ದಿವೆ. ನಡುವೆ ನನ್ನ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಮಗುವಿನ ಬೂಟು. ತುಕ್ಕು ಹಿಡಿದ ಅದರೊಳಗೆ ಹಿಂದಿನ ರಾತ್ರಿಯ ಮಳೆನೀರು ನಿಂತಿತ್ತು. ಯಾರೋ ಇಟ್ಟುಹೋದ ಬಿಳಿ ಹೂವೊಂದು ಅದರಲ್ಲಿ ತೇಲುತ್ತಿತ್ತು. ನನ್ನ ಪತ್ನಿ ಬಹಳ ಹೊತ್ತು ಅದರ ಮುಂದೆ ಕುಳಿತಿದ್ದಳು. ನಾವು ಮಾತಾಡಲಿಲ್ಲ.

ಆ ರಾತ್ರಿ ದೀಪಾಲಂಕಾರ ತೋರಿಸಲೆಂದು ಹಡಗನ್ನು ಅದೇ ದಡದ ಮುಂದೆ ನಡೆಸಲಾಯಿತು. ಸಂಸತ್ ಭವನದ ಗುಮ್ಮಟದ ಎತ್ತರ 96 ಮೀಟರ್, ಸಂತ ಸ್ಟೀಫನ್ ಬೆಸಿಲಿಕಾದ್ದೂ ಅಷ್ಟೇ, ಹಂಗೇರಿಯನ್ನರ ಪೂರ್ವಜರಾದ ಮಾಗ್ಯಾರರು ಈ ನಾಡಿಗೆ ಬಂದ 896ನೇ ಇಸವಿಯ ಗುರುತು ಅದು ಎಂದೆಲ್ಲ ಧ್ವನಿವರ್ಧಕ ವಿವರಿಸಿತು. ಎಲ್ಲವೂ ತಿಳಿಯಬೇಕಾದ ವಿಷಯವೇ, ಆ ಬೆಳಕಿನ ಸೊಬಗನ್ನೂ ನಾನು ಮರೆಯಲಾರೆ; ಆದರೆ ಅದೇ ಭವನದ ಕೆಳಗಿನ ದಡದ ಬಗ್ಗೆ ಒಂದೇ ಒಂದು ಮಾತು ಬರಲಿಲ್ಲ. ಬಸ್ಸಿನಲ್ಲಿಯೇ ಕುಳಿತಿದ್ದ ಹಿರಿಯರೊಬ್ಬರಿಗೆ ನಾನು ವಿಷಯ ಹೇಳಿದಾಗ, ‘ಬೆಳಿಗ್ಗೆಯೇ ಹೇಳಿದ್ದರೆ ಹೇಗಾದರೂ ಇಳಿಯುತ್ತಿದ್ದೆನಲ್ಲ’ ಎಂದು ಅವರು ನೊಂದುಕೊಂಡರು.

ಆದ್ದರಿಂದ ನನ್ನ ಕೋರಿಕೆಯಿಷ್ಟೇ. ಅಂಗಡಿಗೆ ಕೊಡುವ ಗಂಟೆಯನ್ನು ಈ ದಡಕ್ಕೆ ಕೊಡಿ. ನಡೆಯಲು ಕಷ್ಟಪಡುವವರನ್ನು ಆದಷ್ಟು ಹತ್ತಿರದವರೆಗೆ ವಾಹನದಲ್ಲಿ ಕರೆತನ್ನಿ. ಹಿಂದಿನ ಸಂಜೆ ಎಲ್ಲರೂ ಹಡಗಿನಲ್ಲಿಯೇ ಇರುತ್ತಾರೆ, ಆಗಲೇ ಈ ಇತಿಹಾಸವನ್ನು ಅವರವರ ಭಾಷೆಯಲ್ಲಿ ತಿಳಿಸಿ. ರಾತ್ರಿ ಹಡಗು ಆ ಪಾದರಕ್ಷೆಗಳನ್ನು ಹಾದುಹೋಗುವಷ್ಟು ಹೊತ್ತು ಸಂಗೀತವನ್ನು ನಿಲ್ಲಿಸಿ.

ಇಂತಿ,
ಓರ್ವ ಪ್ರವಾಸಿ